ಕುಂದಗೋಳದ ಹೊಲಕ್ಕೆ ಜಮಖಂಡಿ ಮುದ್ರೆ ಯಾಕೆ?

ಕುಂದಗೋಳದ ಹೊಲಕ್ಕೆ ಸೇರಿದ ಅಜ್ಜನ ಕಾಗದದ ಮೇಲೆ ಜಮಖಂಡಿ ಮುದ್ರೆ ಇದೆ, ಧಾರವಾಡದ ದಾಖಲೆಯಲ್ಲಿ ಆ ಹೊಲ ಸಿಗಲಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಮುದ್ರೆ ಜಮಖಂಡಿಯದು ಅಂತ ಆ ಕಾಗದವನ್ನು ನಕಲಿ ಅಂದುಕೊಳ್ಳಬೇಡಿ. ಆಗ ಕುಂದಗೋಳ ಪಟವರ್ಧನ ಅರಸರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ನೂರು ಕಿಲೋಮೀಟರಿಗೂ ದೂರ, ನಡುವೆ ಬೇರೆಯವರ ಸೀಮೆ! ಧಾರವಾಡದ ಬ್ರಿಟಿಷ್ ಕಾಲದ ದಾಖಲೆಯಲ್ಲಿ ನಿಮಗೆ ಸಿಗದೇ ಇದ್ದದ್ದು ಬಹುಶಃ ಇದಕ್ಕೇ.

ಮೊದಲು ಇಸವಿ ಸರಿಮಾಡಿಕೊಳ್ಳಿ. ‘ಫಸಲಿ 1340’ ಅಂತ ಬರೆದಿದೆ ಅಂದಿರಲ್ಲ, ಫಸಲಿ ಅಂದರೆ ಕಂದಾಯದ ಲೆಕ್ಕದ ವರ್ಷ, ಅದಕ್ಕೆ 590 ಕೂಡಿಸಿ. 1930-31 ಆಗುತ್ತದೆ. ಶಕೆ ಅಂತಿದ್ದರೆ 78 ಕೂಡಿಸಬೇಕು.

ಆಮೇಲೆ ಲಿಪಿ. ಅಕ್ಷರಗಳು ಲೇಖನಿ ಎತ್ತದೆ ಬರೆದಂತೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಅದು ಮೋಡಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ. ಬರೀ ಮರಾಠಿ ಬಲ್ಲವರಿಗೆ ತೋರಿಸಿದರೆ ಸುಮ್ನೆ ತಲೆ ಕೆರೆದುಕೊಳ್ಳುತ್ತಾರೆ, ಮೋಡಿ ಓದುವವರೇ ಬೇಕು. ಸರ್ವೆ ನಂಬರ್, ಹೆಸರು, ಆಕಾರ (ಹೊಲದ ಕಂದಾಯ) ಇಷ್ಟನ್ನು ಮೊದಲು ಓದಿಸಿ.

ನಂತರ ಈಗಿನ ಉತಾರ (ಪಹಣಿ) ಹಿಡಿದು ಹಿಂದಕ್ಕೆ ಹೋಗಿ. ಕುಂದಗೋಳ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಡೈರಿಗಳ, ಅಂದರೆ ಹಕ್ಕು ಬದಲಾವಣೆಯ ನಮೂದುಗಳ, ದೃಢೀಕೃತ ನಕಲು ಕೇಳಿ. ಸಂಸ್ಥಾನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು 1948ರ ಮಾರ್ಚ್ 8ಕ್ಕೆ. ಈಗಿನಿಂದ ಹಿಂದಕ್ಕೆ ಅಲ್ಲಿಯವರೆಗಿನ ಹಕ್ಕಿನ ಸರಪಳಿ ಸಿಕ್ಕರೆ ಅರ್ಧ ಕೆಲಸ ಆದಂತೆ. ಅದಕ್ಕೂ ಹಿಂದಿನದು ಅಲ್ಲಿ ಸಿಗದಿದ್ದರೆ ಜಮಖಂಡಿ ತಾಲ್ಲೂಕು ಕಚೇರಿಯಲ್ಲೂ ಒಂದು ಅರ್ಜಿ ಹಾಕಿ. ಹೇಗೂ ನೀವು ಅದೇ ಊರಲ್ಲಿದ್ದೀರಿ ಅಲ್ವಾ?

ಮೂಲ ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ, ಝೆರಾಕ್ಸ್ ಸಾಕು.