ಬಂದರಿನ ಬಾಡಿಗೆ ಮತ್ತು ‘ಮುತ್ಸದ್ದಿ’ ಎಂಬ ಮಾತು

ಓದುಗರ ಪತ್ರ: ಕಳೆದ ಸಂಚಿಕೆಯ ಟಿಪ್ಪಣಿಯೊಂದರಲ್ಲಿ ಮೆಡಿಟರೇನಿಯನ್ ಕಡಲಿನ ದ್ವೀಪದೇಶ ಮಾಲ್ಟಾದ ಮಾಜಿ ಪ್ರಧಾನಿ ಡೊಮ್ ಮಿಂಟಾಫ್ ಅವರನ್ನು ‘ಬ್ರಿಟಿಷರನ್ನು ಹೊರಗೆ ಕಳುಹಿಸಿದ ಮುತ್ಸದ್ದಿ’ ಎಂದು ಕರೆದಿದ್ದೀರಿ. ಅದೇ ಮನುಷ್ಯ 1956ರಲ್ಲಿ ತಮ್ಮ ದೇಶವನ್ನು ಬ್ರಿಟನ್ನಿಗೇ ಸೇರಿಸಲು ಹೊರಟಿದ್ದರಲ್ಲವೇ? 1964ರಲ್ಲಿ ಸ್ವಾತಂತ್ರ್ಯ ತಂದವರು ಅವರ ಎದುರಾಳಿ. ಇನ್ನು ಅವರ ಆಳ್ವಿಕೆಯಲ್ಲಿ ಪತ್ರಿಕಾ ಕಚೇರಿಗೇ ಬೆಂಕಿ ಬಿತ್ತು. ಪತ್ರಿಕೆ ನಡೆಸುವ ನೀವೇ ಇಂಥವರನ್ನು ಮುತ್ಸದ್ದಿ ಎಂದರೆ ಹೇಗೆ? — ಒಬ್ಬ ಓದುಗ, ಶಿರಸಿ

ಸಂಪಾದಕರ ಉತ್ತರ:

ನಿಮ್ಮ ಮೂರು ಆಕ್ಷೇಪಗಳಲ್ಲಿ ಒಂದನ್ನೂ ಅಲ್ಲಗಳೆಯಲಾರೆ. ನಾಲ್ಕು ಸಾಲಿನ ಟಿಪ್ಪಣಿ, ಪುಟ ತುಂಬಿಸುವ ಅವಸರ. ‘ಮುತ್ಸದ್ದಿ’ ಎಂದು ಬರೆದು ಕೈತೊಳೆದುಕೊಂಡೆವು. ಆದರೆ ಆ ಪದವನ್ನು ಹಿಂದಕ್ಕೆ ಪಡೆಯುವ ಮುನ್ನ ಒಂದು ಮಾತು. ಪಾರಸಿಯಿಂದ ದರ್ಬಾರುಗಳ ಮೂಲಕ ಅದು ನಮ್ಮಲ್ಲಿಗೆ ಬಂದಾಗ ಅದರ ಮೈಮೇಲೆ ಇಷ್ಟು ಜರಿ ಇರಲಿಲ್ಲ. ಲೆಕ್ಕಪತ್ರ ನೋಡುವ ಅಧಿಕಾರಿ, ದಫ್ತರದ ಗುಮಾಸ್ತ ಮುತ್ಸದ್ದಿ ಎನಿಸಿಕೊಳ್ಳುತ್ತಿದ್ದ. ದೂರದೃಷ್ಟಿ, ಘನತೆ, ಉದಾರತೆ ಎಲ್ಲ ಆಮೇಲೆ ಸೇರಿಕೊಂಡವು. ಮಿಂಟಾಫ್ ಅವರಿಗೆ ಹೊಸ ಅರ್ಥ ಸಲ್ಲುತ್ತದೆಯೋ ಇಲ್ಲವೋ, ಹಳೆಯದು ಮಾತ್ರ ಅಳತೆ ಕೊಟ್ಟು ಹೊಲಿಸಿದಂತಿದೆ.

ಅವರು ಹುಟ್ಟಿದ್ದು 1916ರ ಆಗಸ್ಟ್ 6ರಂದು, ರಾಜಧಾನಿ ವ್ಯಾಲೆಟ್ಟಾದ ಎದುರಿಗಿರುವ ಬೊರ್ಮ್ಲಾ ಎಂಬ ಹಡಗುಕಟ್ಟೆಯ ಊರಿನಲ್ಲಿ. ತಂದೆ ಬ್ರಿಟಿಷ್ ನೌಕಾಪಡೆಯಲ್ಲಿ ಅಡುಗೆಯವರು. ತಾಯಿ ಬಡ್ಡಿಗೆ ಸಾಲ ಕೊಡುತ್ತಿದ್ದರು. ಬೊರ್ಮ್ಲಾದಲ್ಲಿ ಹಡಗುಕಟ್ಟೆಯಲ್ಲಿ ಕೆಲಸವಿದ್ದರೆ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆ ಕೆಲಸ ಇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುತ್ತಿದ್ದವರು ಲಂಡನ್ನಿನಲ್ಲಿದ್ದರು. ಹುಡುಗ ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಓದಿದ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದ. ಮಾಲ್ಟಾದವರು ಕೊನೆಯವರೆಗೂ ಅವರನ್ನು ಕರೆದದ್ದು ‘ಇಲ್-ಪೆರಿಟ್’ ಎಂದೇ, ಅಂದರೆ ವಾಸ್ತುಶಿಲ್ಪಿ.

ಈಗ ನಿಮ್ಮ ಮೊದಲ ಆಕ್ಷೇಪ. 1955ರಲ್ಲಿ ಪ್ರಧಾನಿಯಾದ ಮಿಂಟಾಫ್ ನಿಜಕ್ಕೂ ಮಾಲ್ಟಾವನ್ನು ಬ್ರಿಟನ್ನಿನಲ್ಲಿ ವಿಲೀನಗೊಳಿಸಲು ಹೊರಟರು. ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನಲ್ಲಿ ಮಾಲ್ಟಾಕ್ಕೆ ಮೂರು ಸ್ಥಾನ ಎಂಬಲ್ಲಿಯವರೆಗೆ ಮಾತು ಮುಂದುವರಿದಿತ್ತು. ಇದನ್ನು ರಾಜಭಕ್ತಿ ಎಂದುಕೊಂಡರೆ ದಾರಿ ತಪ್ಪುತ್ತೇವೆ. 1949ರಲ್ಲೇ ಅವರ ಬಣ, ನೆರವು ಕೊಡದಿದ್ದರೆ ನೌಕಾನೆಲೆಯನ್ನು ಅಮೆರಿಕಕ್ಕೆ ಕೊಡುವ ಮಾತೆತ್ತಬೇಕಾದೀತು ಎಂದು ಲಂಡನ್ನಿಗೆ ಗಡುವು ಕೊಟ್ಟಿತ್ತು. ಆ ಜಗಳದಲ್ಲೇ ಮಾಲ್ಟಾದ ಲೇಬರ್ ಪಕ್ಷ ಒಡೆದು, ಅದರ ನಾಯಕ ಪಾಲ್ ಬೊಫಾ ಹೊರಗೆ ಹೋಗಿ, ಮಿಂಟಾಫ್ ನಾಯಕರಾದರು. ವಿಲೀನದ ಹಿಂದೆ ಇದ್ದದ್ದೂ ಅದೇ ಲೆಕ್ಕ. ನಮ್ಮ ಬಂದರು ನಿಮಗೆ ಬೇಕೇ? ಹಾಗಾದರೆ ನಿಮ್ಮ ಕಾರ್ಮಿಕನಿಗೆ ಸಿಗುವ ಕೂಲಿ, ಪಿಂಚಣಿ, ಆಸ್ಪತ್ರೆ ನಮ್ಮವನಿಗೂ ಸಿಗಲಿ. ಕೊಡಲಾಗದಿದ್ದರೆ ಬಿಟ್ಟು ಹೊರಡಿ. ಸೇರಿಸಿಕೊಳ್ಳಿ ಎಂದದ್ದೂ ಹೊರಡಿ ಎಂದದ್ದೂ ಒಂದೇ ಚೌಕಾಸಿಯ ಎರಡು ದರಗಳು.

1956ರ ಫೆಬ್ರುವರಿಯ ಜನಮತಗಣನೆಯಲ್ಲಿ ಚಲಾಯಿತ ಮತಗಳಲ್ಲಿ ಶೇಕಡ 77 ವಿಲೀನದ ಪರ ಬಿದ್ದವು. ಆದರೆ ಮತ ಹಾಕಿದವರೇ ಶೇಕಡ 59. ಒಟ್ಟು ಮತದಾರರ ಲೆಕ್ಕ ಹಿಡಿದರೆ ಅರ್ಧವೂ ಆಗಲಿಲ್ಲ. ಮರುವರ್ಷ ಬ್ರಿಟನ್ ತನ್ನ ರಕ್ಷಣಾ ವೆಚ್ಚವನ್ನೇ ಕತ್ತರಿಸಲು ಕುಳಿತಿತು. ಮಾಲ್ಟಾದ ಹಡಗುಕಟ್ಟೆಯ ಬೆಲೆ ಇಳಿಯಿತು, ಮಾತುಕತೆ ಮುರಿಯಿತು. 1958ರ ಏಪ್ರಿಲ್‌ನಲ್ಲಿ ಮಿಂಟಾಫ್ ರಾಜೀನಾಮೆ ಕೊಟ್ಟರು. ಬೀದಿಯಲ್ಲಿ ದಂಗೆ, ಬಳಿಕ ಗವರ್ನರನ ನೇರ ಆಡಳಿತ.

ಜನಮತಗಣನೆಗೆ ಬರದ ಆ ಶೇಕಡ 41ರಲ್ಲಿ ಬಹಳಷ್ಟು ಮಂದಿಯನ್ನು ಮನೆಯಲ್ಲೇ ಕೂರಿಸಿದ್ದು ಮಾಲ್ಟಾದ ಕ್ಯಾಥೊಲಿಕ್ ಚರ್ಚು. ಪ್ರಾಟೆಸ್ಟಂಟ್ ಬ್ರಿಟನ್ನಿನೊಳಗೆ ಸೇರಿಹೋದರೆ ಮದುವೆ, ಶಾಲೆ, ಕಾನೂನು ಎಲ್ಲವೂ ಕೈತಪ್ಪುತ್ತವೆ ಎಂಬ ಭಯ ಆರ್ಚ್‌ಬಿಷಪ್ ಮೈಕಲ್ ಗೊನ್ಜಿ ಅವರದು. ಮುಂದೆ ಜಗಳ ವಿಲೀನವನ್ನು ದಾಟಿ ಬೆಳೆಯಿತು. 1961ರ ಏಪ್ರಿಲ್‌ನಲ್ಲಿ ಲೇಬರ್ ಪಕ್ಷದ ಕಾರ್ಯಕಾರಿಣಿಯ ಮೇಲೆ ಧಾರ್ಮಿಕ ನಿರ್ಬಂಧ ಬಿತ್ತು. ಪಕ್ಷದ ಪತ್ರಿಕೆ ಓದುವುದು ಮಹಾಪಾಪವೆಂದು ಸಾರಲಾಯಿತು. ಓದುಗನನ್ನು ನರಕಕ್ಕೆ ಕಳುಹಿಸುವ ಪತ್ರಿಕೆ! ನಮ್ಮ ಪ್ರಸರಣ ವಿಭಾಗಕ್ಕೆ ಅಂಥ ಯೋಗ ಇನ್ನೂ ಬಂದಿಲ್ಲ. ತಮಾಷೆ ಇಲ್ಲಿಗೆ ಸಾಕು, ಏಕೆಂದರೆ ಮುಂದಿನದು ತಮಾಷೆಯಲ್ಲ. ಲೇಬರ್ ಸಭೆ ನಡೆಯುತ್ತಿದ್ದರೆ ಪಕ್ಕದ ಚರ್ಚಿನ ಗಂಟೆಗಳನ್ನು ಭಾಷಣ ಕೇಳಿಸದಂತೆ ಬಾರಿಸುತ್ತಿದ್ದರು. ಲೇಬರ್ ಹುಡುಗನಿಗೆ ಪೀಠದ ಎದುರು ಮದುವೆಯಾಗುವ ಭಾಗ್ಯವಿರಲಿಲ್ಲ. ಪಾದ್ರಿಗಳು ಉಡುಪು ಬದಲಿಸುವ ಹಿಂಬದಿಯ ಕೋಣೆಯಲ್ಲಿ ಸದ್ದಿಲ್ಲದೆ ಮುಗಿಸಬೇಕಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಹಿಂದೆ ಮಿಂಟಾಫ್ ಅವರ ಉಪಪ್ರಧಾನಿಯಾಗಿದ್ದ ಲೇಖಕ ಜುಜೆ ಎಲ್ಲುಲ್ ಮರ್ಸರ್ ತೀರಿಕೊಂಡಾಗ, ಪಾವ್ಲಾದ ಅಡೊಲೊರಾಟಾ ಸ್ಮಶಾನದಲ್ಲಿ ಪವಿತ್ರ ನೆಲ ಅವರಿಗೆ ಸಿಗಲಿಲ್ಲ. ಅಲ್ಲಿ ಪ್ರತಿಷ್ಠೆಯಾಗದ ಒಂದು ಮೂಲೆಯಿತ್ತು, ಅಲ್ಲಿ ಹೂಳಿದರು. ಜನ ಆ ಮೂಲೆಯನ್ನು ಕರೆಯುತ್ತಿದ್ದದ್ದು ‘ಮಿಜ್ಬ್ಲಾ’ ಎಂದು. ಮಾಲ್ಟೀಸ್ ಅರಬ್ಬಿಯಿಂದ ಕವಲೊಡೆದ ಭಾಷೆ, ಲ್ಯಾಟಿನ್ ಲಿಪಿಯಲ್ಲಿ ಬರೆಯುತ್ತಾರೆ. ಆ ಪದಕ್ಕೆ ಕನ್ನಡದಲ್ಲಿ ‘ತಿಪ್ಪೆ’ ಎನ್ನಬಹುದು.

ಚರ್ಚು ಮತ್ತು ಪಕ್ಷದ ನಡುವೆ ರಾಜಿಯಾದದ್ದು 1969ರಲ್ಲಿ. ಅಷ್ಟರಲ್ಲಿ ನೀವು ಹೇಳುವಂತೆ 1964ರ ಸೆಪ್ಟೆಂಬರ್ 21ರಂದು ಜಾರ್ಜ್ ಬೋರ್ಗ್ ಒಲಿವಿಯೆ ಅವರ ನ್ಯಾಷನಲಿಸ್ಟ್ ಸರ್ಕಾರ ಸ್ವಾತಂತ್ರ್ಯ ತಂದಾಗಿತ್ತು. ಆ ಯಶಸ್ಸು ಅವರದೇ. ಬಾವುಟ ಬದಲಾದರೂ ಬ್ರಿಟಿಷ್ ನೆಲೆ ಮಾತ್ರ ಇದ್ದಲ್ಲೇ ಇತ್ತು. ಮಿಂಟಾಫ್ ಕೈಹಾಕಿದ್ದು ಅಲ್ಲಿಗೆ.

1971ರ ಜೂನ್‌ನಲ್ಲಿ ಅವರು ಒಂದೇ ಸ್ಥಾನದ ಬಹುಮತದಿಂದ ಗೆದ್ದರು. ಗವರ್ನರ್ ಜನರಲ್ ಬದಲಾದರು, ನ್ಯಾಟೊದ ನೌಕಾ ಕಚೇರಿ ಗಂಟುಮೂಟೆ ಕಟ್ಟಿತು. ಆಮೇಲೆ ಬ್ರಿಟನ್ನಿನ ಮುಂದೆ ಬಾಡಿಗೆಯ ಚೀಟಿ ಹಿಡಿದರು. ಒಂದು ದಿನ ಒಪ್ಪಿದಂತೆ ಕಂಡು ಮರುದಿನ ದರ ಏರಿಸುವ ಈ ಮನುಷ್ಯನ ಜೊತೆ ರಕ್ಷಣಾ ಸಚಿವ ಲಾರ್ಡ್ ಕ್ಯಾರಿಂಗ್ಟನ್ ತಿಂಗಳುಗಟ್ಟಲೆ ಹೆಣಗಿದರು. ಬೇಸತ್ತ ಬ್ರಿಟನ್ ಸೈನ್ಯವನ್ನು ಹಿಂತೆಗೆಯಲೂ ತೊಡಗಿತ್ತು. ಹಾಗಾಗಿದ್ದರೆ ಸಾವಿರಾರು ಮಂದಿಯ ಅನ್ನ ಹೋಗುತ್ತಿತ್ತು, ಮಿಂಟಾಫ್ ಅವರ ಒಂದು ಸ್ಥಾನದ ಸರ್ಕಾರವೂ ಹೋಗುತ್ತಿತ್ತು. ಆದರೆ ಖಾಲಿಯಾದ ಬಂದರಿಗೆ ಸೋವಿಯತ್ ಹಡಗು ಬಂದೀತೆಂಬ ಭಯ ಎದುರಿನವರಿಗೆ ಇನ್ನೂ ದೊಡ್ಡದು ಎಂದು ಅವರಿಗೆ ಗೊತ್ತಿತ್ತು. 1972ರ ಮಾರ್ಚ್‌ನಲ್ಲಿ ಸಹಿಯಾಯಿತು: ವರ್ಷಕ್ಕೆ 1 ಕೋಟಿ 40 ಲಕ್ಷ ಪೌಂಡ್, ಹಿಂದಿನದರ ಸುಮಾರು ಮೂರು ಪಟ್ಟು, ಹಣದಲ್ಲಿ ಒಂದು ಪಾಲು ನ್ಯಾಟೊ ದೇಶಗಳದು, ಅವಧಿ ಏಳು ವರ್ಷ. ನೌಕಾಪಡೆಗೆ ಅಡುಗೆ ಮಾಡಿ ಬಡಿಸಿದವರ ಮಗ ಅದೇ ನೌಕಾಪಡೆಯಿಂದ ಬಾಡಿಗೆ ವಸೂಲಿ ಮಾಡಿದ್ದು ಹೀಗೆ. ಅವಧಿ ಮುಗಿದ 1979ರ ಮಾರ್ಚ್ 31ರ ರಾತ್ರಿ ಬೊರ್ಮ್ಲಾದ ಪಕ್ಕದ ಬಿರ್ಗುವಿನ ದಡದಲ್ಲಿ ಬ್ರಿಟಿಷ್ ಬಾವುಟ ಇಳಿಯಿತು. ಆದ್ದರಿಂದ ನಮ್ಮ ಟಿಪ್ಪಣಿಯ ‘ಹೊರಗೆ ಕಳುಹಿಸಿದ’ ಎಂಬುದನ್ನು ‘ಬಾಡಿಗೆ ಏರಿಸಿ, ಕರಾರು ಮುಗಿದ ದಿನ ಬೀಳ್ಕೊಟ್ಟ’ ಎಂದು ತಿದ್ದಿಕೊಳ್ಳಿ.

ಇದೇ ಹಟವನ್ನು ಅವರು 1975ರಲ್ಲಿ ಯುರೋಪಿನ ಭದ್ರತೆ ಕುರಿತ ಹೆಲ್ಸಿಂಕಿ ಒಪ್ಪಂದದ ಮುಂದೆಯೂ ಹೂಡಿದರು. 35 ದೇಶಗಳ ಒಪ್ಪಂದ, ಎಲ್ಲರೂ ಒಪ್ಪಿದರೆ ಮಾತ್ರ ಸಹಿ ಎಂಬ ನಿಯಮ. ಅಮೆರಿಕದ ಫೋರ್ಡ್ ಮತ್ತು ಸೋವಿಯತ್ ಒಕ್ಕೂಟದ ಬ್ರೆಜ್ನೆವ್ ಬರುವ ದಿನ ಹತ್ತಿರವಾಗುತ್ತಿದ್ದರೆ, ಮೆಡಿಟರೇನಿಯನ್ ಕಡಲಿನ ಭದ್ರತೆಯ ಮಾತು ಸೇರದೆ ತಾನು ಒಪ್ಪುವುದಿಲ್ಲ ಎಂದು 316 ಚದರ ಕಿಲೋಮೀಟರಿನ ಮಾಲ್ಟಾ ಕುಳಿತೇಬಿಟ್ಟಿತು. ಉಳಿದವರು ಹಲ್ಲು ಕಚ್ಚಿಕೊಂಡು ಸೇರಿಸಿದರು. ಮಿಂಟಾಫ್ ಚೀನಾದಿಂದ ಸಾಲ ತಂದು ದೊಡ್ಡ ಹಡಗುಕಟ್ಟೆ ಕಟ್ಟಿಸಿದರು. ಲಿಬಿಯಾದ ಗದ್ದಾಫಿಯ ಸ್ನೇಹ ಬೆಳೆಸಿದರು. 1980ರಲ್ಲಿ ಕಡಲ ತೈಲ ತೆಗೆಯುವ ವಿಷಯಕ್ಕೆ ಲಿಬಿಯಾ ಯುದ್ಧನೌಕೆ ಕಳುಹಿಸಿದಾಗ ಅದೇ ವರ್ಷ ಇಟಲಿಯ ಜೊತೆ ತಟಸ್ಥ ನೀತಿಯ ಒಪ್ಪಂದ ಮಾಡಿಕೊಂಡರು.

ಒಳನಾಡಿನಲ್ಲಿ ಅವರು ಮಾಡಿದ್ದು ಕಡಿಮೆಯಲ್ಲ. 1974ರ ಡಿಸೆಂಬರ್ 13ರಂದು ಗಣರಾಜ್ಯ, ಕನಿಷ್ಠ ವೇತನ, ಮಕ್ಕಳ ಭತ್ಯೆ, ಪಿಂಚಣಿ, ಚರ್ಚಿನ ಹೊರಗೂ ಊರ್ಜಿತವಾಗುವ ಮದುವೆ, ಸಲಿಂಗ ಸಂಬಂಧ ಅಪರಾಧವಲ್ಲ ಎಂಬ 1973ರ ಕಾನೂನು. ಹಳೆಯ ಲೇಬರ್ ಮನೆಗಳಲ್ಲಿ ಅವರನ್ನು ‘ಸಾಲ್ವಾತುರ್’, ಉದ್ಧಾರಕ, ಎನ್ನುವುದು ಇದಕ್ಕಾಗಿ.

ಇನ್ನು ಬೆಂಕಿ. 1979ರ ಅಕ್ಟೋಬರ್ 15ರಂದು ಗುಂಪೊಂದು ವ್ಯಾಲೆಟ್ಟಾದಲ್ಲಿ ‘ಟೈಮ್ಸ್ ಆಫ್ ಮಾಲ್ಟಾ’ದ ಕಟ್ಟಡಕ್ಕೆ ಬೆಂಕಿ ಹಚ್ಚಿತು. ಅಲ್ಲಿಂದ ಹೋಗಿ ವಿರೋಧ ಪಕ್ಷದ ನಾಯಕ ಎಡ್ಡಿ ಫೆನೆಕ್ ಅಡಾಮಿ ಅವರ ಮನೆಗೆ ನುಗ್ಗಿ ಹೆಂಡತಿಯ ಮೇಲೆ ಕೈಮಾಡಿತು. ಪತ್ರಿಕೆ ಮರುದಿನವೂ ಹೊರಬಂತು. ಬೆಂಕಿ ಹಚ್ಚಿ ಎಂದು ಮಿಂಟಾಫ್ ಹೇಳಿದರೆಂದು ನಾನು ಬರೆಯಲಾರೆ. ಆದರೆ ತಮ್ಮ ಹೆಸರು ಕೂಗುತ್ತ ಬೀದಿಗಿಳಿಯುವ ಪುಂಡರನ್ನು ಹದ್ದುಬಸ್ತಿನಲ್ಲಿಡುವ ಮನಸ್ಸು ಆ ಸರ್ಕಾರಕ್ಕೆ ಇರಲಿಲ್ಲ. ಎರಡು ವರ್ಷದ ಬಳಿಕ 1981ರ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ನ್ಯಾಷನಲಿಸ್ಟರಿಗೆ ಬಿತ್ತು, ಸ್ಥಾನಗಳು ಮಾತ್ರ ಲೇಬರ್‌ಗೆ 34, ಅವರಿಗೆ 31. ಮಿಂಟಾಫ್ ಕುರ್ಚಿ ಬಿಡಲಿಲ್ಲ. ಪರರಾಷ್ಟ್ರಗಳೆದುರು ಪೈಸೆ ಪೈಸೆಗೂ ನ್ಯಾಯ ಕೇಳಿದ ಮನುಷ್ಯ ತನ್ನ ದೇಶದ ಅರ್ಧ ಜನರ ಲೆಕ್ಕ ಬಂದಾಗ ನಿಯಮದ ಪುಸ್ತಕ ತೋರಿಸಿದರು. ನಿಮ್ಮ ಸಿಟ್ಟು ಇಲ್ಲಿ ನನ್ನದೂ ಹೌದು. ಹೆಚ್ಚು ಮತ ಪಡೆದವರಿಗೇ ಹೆಚ್ಚು ಸ್ಥಾನ ಎಂಬ ತಿದ್ದುಪಡಿ ಸಂವಿಧಾನಕ್ಕೆ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಅವರು ಪ್ರಧಾನಿ ಪಟ್ಟವನ್ನು ಕಾರ್ಮೆನು ಮಿಫ್ಸುದ್ ಬೊನ್ನಿಚಿ ಅವರಿಗೆ ಒಪ್ಪಿಸಿ ಎರಡು ವರ್ಷ ಕಳೆದಿತ್ತು.

ಕೊನೆಯ ಚೌಕಾಸಿ ತಮ್ಮ ಪಕ್ಷದ ಜೊತೆಗೇ. 1996ರಲ್ಲಿ ಆಲ್ಫ್ರೆಡ್ ಸಾಂಟ್ ನೇತೃತ್ವದ ಲೇಬರ್ ಸರ್ಕಾರ ಒಂದು ಸ್ಥಾನದ ಬಹುಮತದಿಂದ ಬಂತು. ಆ ಒಂದು ಸ್ಥಾನದಲ್ಲಿ ಕುಳಿತವರು ಮಿಂಟಾಫ್ ಎಂದೇ ಹೇಳಬೇಕು. ಬೊರ್ಮ್ಲಾ, ಬಿರ್ಗುಗಳ ದಡವನ್ನು ವಿಹಾರನೌಕೆಗಳ ತಂಗುದಾಣಕ್ಕೆ ಗುತ್ತಿಗೆ ಕೊಡುವ ಪ್ರಸ್ತಾಪ ಬಂದಾಗ, 1998ರ ಜುಲೈನಲ್ಲಿ, 81ನೆಯ ವಯಸ್ಸಿನಲ್ಲಿ ಅವರು ವಿರೋಧ ಪಕ್ಷದ ಜೊತೆ ಮತ ಹಾಕಿದರು. ಸರ್ಕಾರ ಬಿತ್ತು. ಸೆಪ್ಟೆಂಬರ್ ಚುನಾವಣೆಯಲ್ಲಿ ಫೆನೆಕ್ ಅಡಾಮಿ ಮರಳಿ ಬಂದರು. ಮಿಂಟಾಫ್ ಅವರನ್ನು ಕ್ಷಮಿಸದ ಲೇಬರ್ ಕಾರ್ಯಕರ್ತರು ಬಹಳ.

ಮಿಂಟಾಫ್ 2012ರ ಆಗಸ್ಟ್ 20ರಂದು ಟಾರ್ಶೀನ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು, 96 ವರ್ಷವಾಗಿತ್ತು. ಆಗ ಇದ್ದದ್ದು ನ್ಯಾಷನಲಿಸ್ಟ್ ಸರ್ಕಾರ. ಸರ್ಕಾರಿ ಗೌರವದ ಅಂತ್ಯಕ್ರಿಯೆ ಏರ್ಪಡಿಸಿದ್ದು ಅದೇ. ವ್ಯಾಲೆಟ್ಟಾದ ಸೇಂಟ್ ಜಾನ್ ಮಹಾಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಮಣ್ಣು ಮಾಡಿದ್ದು ಅಡೊಲೊರಾಟಾದಲ್ಲಿ, 51 ವರ್ಷಗಳ ಹಿಂದೆ ಎಲ್ಲುಲ್ ಮರ್ಸರ್ ಅವರಿಗೆ ತಿಪ್ಪೆಯ ಮೂಲೆ ತೋರಿಸಿದ್ದ ಅದೇ ಸ್ಮಶಾನದಲ್ಲಿ.