ಸಂಬಳ ಹೆಚ್ಚಿದರೂ ಸಂತೋಷ ಏಕಿಲ್ಲ?

ಹಳ್ಳಿಗಿಂತ ಹೆಚ್ಚು ಸಂಪಾದಿಸುವ ಚೀನಾದ ವಲಸೆ ಕಾರ್ಮಿಕರಿಗೆ ನೆಮ್ಮದಿ ಏಕಿಲ್ಲ ಎಂದು ಕೇಳಿದ್ದೀರಿ. 2002ರ ಸಮೀಕ್ಷೆಯೊಂದರ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ಜಾನ್ ನೈಟ್ ಮತ್ತು ರಮಣಿ ಗುಣತಿಲಕ ಇದನ್ನೇ ಕೆದಕಿದ್ದರು. ಊರಿನಲ್ಲಿ ಪಕ್ಕದ ಮನೆಯವನೊಂದಿಗೆ ಹೋಲಿಸಿಕೊಳ್ಳುತ್ತಿದ್ದವನು ಪಟ್ಟಣಕ್ಕೆ ಬಂದ ಮೇಲೆ ಪಟ್ಟಣಿಗನನ್ನು ನೋಡುತ್ತಾನೆ. ಸಂಬಳಕ್ಕಿಂತ ಆಸೆ ಬೇಗ ಬೆಳೆಯುತ್ತದೆ.

ಆದರೆ ತಪ್ಪನ್ನೆಲ್ಲ ಆಸೆಯ ತಲೆಗೆ ಕಟ್ಟಬೇಡಿ. 1958ರ ಹುಕೌ ನೋಂದಣಿ (ಯಾರು ಯಾವ ಊರಿನವರು ಎಂದು ದಾಖಲಿಸಿ, ಸರ್ಕಾರಿ ಸೌಲಭ್ಯಗಳನ್ನು ಆ ಊರಿಗೇ ಕಟ್ಟಿಹಾಕುವ ವ್ಯವಸ್ಥೆ) ಇದೆಯಲ್ಲ, ನನ್ನ ಪ್ರಕಾರ ಅದೇ ದೊಡ್ಡ ಮುಳ್ಳು. ಶೆನ್‌ಝೆನ್‌ ನಗರದ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದವನೂ ದಾಖಲೆಯಲ್ಲಿ ತನ್ನ ತವರು ಪ್ರಾಂತ್ಯ ಹುನಾನ್‌ನ ಹಳ್ಳಿಗನಾಗಿಯೇ ಉಳಿಯಬಹುದು. ಅವನ ಮಗುವಿಗೆ ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗುವುದು ಕಷ್ಟ. ಹಾಗಾಗಿ ಮಗು ಊರಿನಲ್ಲಿ ಅಜ್ಜಿಯ ಬಳಿ, ಅಪ್ಪ ಅಮ್ಮ ಕಾರ್ಖಾನೆಯ ವಸತಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಮಂಚಗಳಲ್ಲಿ. ಮಗುವಿನ ಮುಖ ಮೊಬೈಲಿನಲ್ಲಿ. ಎದುರಿಗೆ ಕಾಣುವುದು ವಸಂತ ಹಬ್ಬಕ್ಕೆ (ಚೀನಾದ ಹೊಸ ವರ್ಷಕ್ಕೆ), ಅದೂ ರೈಲಿನ ಟಿಕೆಟ್ ಸಿಕ್ಕರೆ.