ಕೊರೊನಾ ಪರಿಹಾರದ ದುಡ್ಡು ನಮ್ಮ ಮನೆಗೆ ಯಾಕೆ ಬರಲಿಲ್ಲ?

ನೀವು ಕೇಳಿರೋದು ಎರಡು ವಿಷ್ಯ. ಒಂದು, ಕೊರೊನಾ ಟೈಮಲ್ಲಿ ಕರ್ನಾಟಕ ಸರ್ಕಾರ ದಿನಾ ಟಿವಿಲಿ ಕೋಟಿ ಕೋಟಿ ಪ್ಯಾಕೇಜ್ ಅಂತ ಹೇಳ್ತಿತ್ತಲ್ಲ, ಅದು ಯಾರಿಗಾದ್ರೂ ಸಿಕ್ತಾ. ಇನ್ನೊಂದು, 2021ರಲ್ಲಿ ನಿಮ್ ಚಿಕ್ಕಪ್ಪ ಹೋದ್ರು, ಚಿಕ್ಕಮ್ಮಂಗೆ ಒಂದ್ ರೂಪಾಯಿ ಬರಲಿಲ್ಲ, ಈಗ ಏನಾದ್ರೂ ಮಾಡೋಕಾಗತ್ತಾ. ಮೊದಲನೇದಕ್ಕೆ ಉತ್ತರ, ಸಿಕ್ತು, ಆದ್ರೆ ಯಾರ ಹೆಸ್ರು ಮೊದಲೇ ಯಾವ್ದಾದ್ರೂ ಒಂದು ಪಟ್ಟೀಲಿ ಇತ್ತೋ ಅವ್ರಿಗೆ ಸಿಕ್ತು. ಎರಡನೇದಕ್ಕೆ ಸ್ವಲ್ಪ ಉದ್ದ ಹೇಳ್ಬೇಕು, ಹೇಳ್ತೀನಿ.

ನಾನು ಅಧಿಕಾರಿ ಅಲ್ಲ, ಎನ್‌ಜಿಒನೂ ಅಲ್ಲ. ಹಳೇ ಮೈಸೂರು ಕಡೆ ಒಂದು ತಾಲೂಕು ಕೇಂದ್ರದಲ್ಲಿ ಜೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ಹಾಕೋ ಅಂಗಡಿ ಇಟ್ಕೊಂಡಿದ್ದೆ. ಸೇವಾ ಸಿಂಧು ಪೋರ್ಟಲ್ ಅಂತ ಇದ್ಯಲ್ಲ, ಆ ಎರಡು ವರ್ಷ ನಾನು ನನ್ ಮನೆಯವ್ರ ಮುಖಕ್ಕಿಂತ ಜಾಸ್ತಿ ನೋಡಿರೋದು ಅದರ ಲೋಡಿಂಗ್ ಚಕ್ರ. ಹಾಗಾಗಿ ಇದು ಕೌಂಟರ್ ಈಚೆ ಕಡೆಯಿಂದ ಕಂಡಿದ್ದು ಅಷ್ಟೇ.

2020ರ ಮೇ 6ಕ್ಕೆ ಯಡಿಯೂರಪ್ಪನವ್ರು 1,610 ಕೋಟಿ ಪ್ಯಾಕೇಜ್ ಅನೌನ್ಸ್ ಮಾಡಿದ್ರು. ಆಟೋ, ಟ್ಯಾಕ್ಸಿ ಓಡಿಸೋರಿಗೆ, ಕಟಿಂಗ್ ಶಾಪ್‌ನೋರಿಗೆ, ಬಟ್ಟೆ ಒಗೆಯೋ ಮಡಿವಾಳರಿಗೆ ತಲಾ 5,000, ಹೂವು ಬೆಳೆದವ್ರಿಗೆ ಹೆಕ್ಟೇರಿಗೆ 25,000, ಕೈಮಗ್ಗದ ನೇಕಾರರಿಗೆ 2,000. ಕಟ್ಟಡ ಕಾರ್ಮಿಕರಿಗೆ ಅದಕ್ಕೂ ಮುಂಚೆನೇ 2,000 ಅಂದಿದ್ರು, ಅದರ ಮೇಲೆ ಇನ್ನೂ 3,000 ಸೇರಿಸಿದ್ರು. ಆವಾಗಿನ ಲೆಕ್ಕದಲ್ಲಿ ಡ್ರೈವರ್‌ಗಳೇ 7.75 ಲಕ್ಷ ಜನ, ಕ್ಷೌರಿಕರು 2.30 ಲಕ್ಷ, ಮಡಿವಾಳರು 60 ಸಾವಿರ. ಕೇಳೋಕೆ ಚೆನ್ನಾಗಿದೆ. ಮಾರನೇ ದಿನದಿಂದ ನಮ್ಮಂಗಡಿ ಮುಂದೆ ಕ್ಯೂ, ಒಬ್ರಿಂದೊಬ್ರಿಗೆ ಮೂರಡಿ ಅಂತ ಸುಣ್ಣದಲ್ಲಿ ರೌಂಡ್ ಹಾಕಿದ್ದೆ, ಆ ರೌಂಡ್ ಒಳಗೆ ಜನ ಚಪ್ಲಿ ಬಿಟ್ಟು ತಾವು ಮರದ ನೆರಳಲ್ಲಿ ಕೂತ್ಕೋತಿದ್ರು.

ಇದ್ರಲ್ಲಿ ಯಾರಿಗೆ ಸಲೀಸಾಗಿ ಬಂತು ಅಂದ್ರೆ, ಕಾರ್ಮಿಕ ಮಂಡಳೀಲಿ ಮೊದಲೇ ರಿಜಿಸ್ಟರ್ ಆಗಿ, ಕಾರ್ಡ್ ಇದ್ದು, ಬ್ಯಾಂಕ್ ಅಕೌಂಟ್ ಕೊಟ್ಟಿದ್ದ ಗಾರೆ ಕೆಲ್ಸದವ್ರಿಗೆ. ಅವ್ರಲ್ಲಿ ಸುಮಾರು ಜನಕ್ಕೆ ದುಡ್ಡು ಬಿದ್ದಿದ್ದೂ ಗೊತ್ತಿರ್ಲಿಲ್ಲ, ಪಾಸ್‌ಬುಕ್ ಎಂಟ್ರಿ ಮಾಡಿಸ್ದಾಗ ಗೊತ್ತಾಯ್ತು. ಅದೇ ಪಕ್ಕದ ಸೈಟಲ್ಲಿ ಅದೇ ಇಟ್ಟಿಗೆ ಹೊತ್ತವ್ನು, ಕಾರ್ಡ್ ಮಾಡ್ಸಿಲ್ಲ ಅಂದ್ರೆ ಮುಗೀತು. ಕಟಿಂಗ್ ಶಾಪ್‌ನೋರದ್ದು ಇನ್ನೊಂದು ಗೋಳು, ಇವ್ನು ಇದೇ ಕಸುಬು ಮಾಡ್ತಾನೆ ಅಂತ ಸರ್ಟಿಫಿಕೇಟ್ ತರ್ಬೇಕು, ಸರ್ಟಿಫಿಕೇಟ್ ಕೊಡೋ ಆಫೀಸ್ ಲಾಕ್‌ಡೌನ್‌ನಲ್ಲಿ ಅರ್ಧ ದಿನ ಬಾಗ್ಲು. ನಮ್ಮೂರಲ್ಲಿ ನಲವತ್ತು ವರ್ಷದಿಂದ ಕತ್ತರಿ ಹಿಡಿದಿರೋ ಒಬ್ಬ ಹಿರಿಯರು ನನ್ನ ಕೇಳಿದ್ರು, ನಿನ್ ತಲೇನೂ ನಾನೇ ಮಾಡಿರೋದಲ್ವಾ, ನೀನೇ ಬರ್ಕೊಡಪ್ಪ ಒಂದು. ಏನ್ ಹೇಳ್ಲಿ.

ಆಟೋದವ್ರದ್ದು ಇನ್ನೂ ಮಜಾ. ಒಬ್ಬ ಹುಡ್ಗ ಡಿಎಲ್, ಗಾಡಿ ನಂಬರ್, ಆಧಾರ್ ಎಲ್ಲಾ ಸರಿಯಾಗಿ ಕೊಟ್ಟಿದ್ದ, ಸ್ಟೇಟಸ್ ನೋಡಿದ್ರೆ ಪಾವತಿ ಆಗಿದೆ ಅಂತ ತೋರಿಸ್ತಿದೆ, ಅವ್ನ ಬ್ಯಾಂಕಲ್ಲಿ ದುಡ್ಡಿಲ್ಲ. ದಿನಾ ಬಂದು ನನ್ನ ಮುಖ ನೋಡ್ತಾನೆ, ನಾನೇ ತಿಂದ್ಬಿಟ್ಟಿದೀನೇನೋ ಅನ್ನೋ ಥರ. ಕೊನೆಗೆ ಆಧಾರ್ ಯಾವ ಬ್ಯಾಂಕಿಗೆ ಲಿಂಕ್ ಆಗಿದೆ ಅಂತ ಚೆಕ್ ಮಾಡಿದ್ರೆ, ಯಾವ್ದೋ ಕಾಲದಲ್ಲಿ ಸಿಮ್ ತಗೊಳ್ಳೋವಾಗ ಅಂಗಡಿಯವ್ನು ಹೆಬ್ಬೆಟ್ಟು ಒತ್ತಿಸ್ಕೊಂಡು ಮೊಬೈಲ್‌ನಲ್ಲೇ ಒಂದು ಅಕೌಂಟ್ ಓಪನ್ ಮಾಡಿಟ್ಟಿದ್ದ, ಇವ್ನಿಗೆ ಅದು ಇರೋದೇ ಗೊತ್ತಿಲ್ಲ, 5,000 ಹೋಗಿ ಅಲ್ಲಿ ಕೂತಿತ್ತು. ಎನ್‌ಪಿಸಿಐ ಮ್ಯಾಪಿಂಗ್ ಅಂತ ಇದಕ್ಕೆ ಹೇಳ್ತಾರೆ. ನೇರ ವರ್ಗಾವಣೆ ದುಡ್ಡು ನೀವು ಅರ್ಜೀಲಿ ಬರೆದ ಅಕೌಂಟಿಗೇ ಬರತ್ತೆ ಅಂತೇನಿಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಿಸಿದೀರೋ ಅಲ್ಲಿಗೆ ಹೋಗತ್ತೆ. ಇದೊಂದು ಗೊತ್ತಿಲ್ಲದೇ ದುಡ್ಡೇ ಬಂದಿಲ್ಲ ಅಂತ ಸರ್ಕಾರಕ್ಕೆ ಬೈಕೊಂಡು ಓಡಾಡಿದವ್ರು ಎಷ್ಟೋ ಜನ (ಬೈಯೋಕೆ ಬೇರೆ ಕಾರಣ ಸಾಕಷ್ಟಿತ್ತು, ಅದು ಬೇರೆ ಮಾತು).

ಎರಡನೇ ಅಲೆ ಟೈಮಿಗೆ, ಅಂದ್ರೆ 2021ರ ಮೇ 19ಕ್ಕೆ, 1,250 ಕೋಟಿ ಅಂದ್ರು. ಈ ಸಲ ಪಟ್ಟಿ ದೊಡ್ದಾಯ್ತು, ಟೈಲರ್, ಹಮಾಲಿ, ಮೆಕ್ಯಾನಿಕ್, ಕುಂಬಾರ, ಮನೆಕೆಲ್ಸದವ್ರು, ಚಿಂದಿ ಆಯೋರು, ಬೀದಿ ವ್ಯಾಪಾರಿಗಳು ಎಲ್ಲಾ ಬಂದ್ರು, ಆಮೇಲೆ ಜೂನಲ್ಲಿ ಇನ್ನೊಂದು 500 ಕೋಟಿ ಪ್ಯಾಕೇಜಲ್ಲಿ ಅರ್ಚಕರು, ಇಮಾಮ್‌ಗಳು, ಮೀನುಗಾರರು, ಅನುದಾನರಹಿತ ಶಾಲೆ ಮೇಷ್ಟ್ರುಗಳು ಕೂಡ. ಪಟ್ಟಿ ಹಿಗ್ಗಿದ್ದು ಒಳ್ಳೇದೇ, ಆದ್ರೆ ದುಡ್ಡು ಕುಗ್ತು. ಕಟಿಂಗ್‌ನೋರಿಗೆ 5,000 ಇದ್ದಿದ್ದು 2,000, ಡ್ರೈವರ್‌ಗಳಿಗೆ 3,000, ಹೂವಿಗೆ 25,000 ಇದ್ದಿದ್ದು 10,000. ಸತ್ತವ್ರು ಜಾಸ್ತಿ ಎರಡನೇ ಅಲೇಲಿ, ಕೊಟ್ಟಿದ್ದು ಕಮ್ಮಿ ಎರಡನೇ ಅಲೇಲಿ. ಆ ಸಲ ನಮ್ಮೂರಿನ ಆ ಕತ್ತರಿ ಹಿಡಿಯೋ ಹಿರಿಯರು ಅರ್ಜಿ ಹಾಕೋಕೆ ಬರ್ಲೇ ಇಲ್ಲ, ಓಡಾಡೋ ಖರ್ಚಿಗೂ ಸಾಲಲ್ಲ ಬಿಡು ಅಂದ್ರು.

ಅರ್ಜಿ ಹಾಕ್ದೇ, ಪಟ್ಟೀಲಿ ಹೆಸ್ರಿಲ್ದೇ ಸಿಕ್ಕಿದ್ದು ನನಗೆ ಗೊತ್ತಿರೋ ಹಾಗೆ ಒಂದೇ, ಆ ಮೇ ತಿಂಗಳು ಇಂದಿರಾ ಕ್ಯಾಂಟೀನಲ್ಲಿ ಮೂರು ಹೊತ್ತು ಫ್ರೀ ಊಟ ಕೊಟ್ಟಿದ್ದು. ರೇಷನ್ ಅಕ್ಕಿ ಬಂತು, ಅದಕ್ಕೆ ಕಾರ್ಡ್ ಬೇಕಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದ್ರು, ಅವ್ರು ಇಲ್ದಿದ್ರೆ ಹಳ್ಳಿಗಳಲ್ಲಿ ಯಾರು ಕೆಮ್ತಾ ಇದಾರೆ ಅನ್ನೋದೂ ಸರ್ಕಾರಕ್ಕೆ ಗೊತ್ತಾಗ್ತಿರ್ಲಿಲ್ಲ.

ಈಗ ಸಾವಿನ ಪರಿಹಾರ. ಇದ್ರಲ್ಲಿ ಎರಡು ದುಡ್ಡು ಸೇರ್ಕೊಂಡು ಜನಕ್ಕೆ ಕನ್ಫ್ಯೂಸ್ ಆಗಿರೋದು. ಬಿಪಿಎಲ್ ಮನೇಲಿ ದುಡಿಯೋರು ಕೋವಿಡ್‌ನಲ್ಲಿ ಹೋಗಿದ್ರೆ 1 ಲಕ್ಷ ಅಂತ 2021ರ ಜೂನಲ್ಲಿ ರಾಜ್ಯ ಸರ್ಕಾರ ಹೇಳ್ತು. ಅದಾದ್ಮೇಲೆ ಸುಪ್ರೀಂ ಕೋರ್ಟ್ ಕೇಸಿಂದಾಗಿ ದೇಶಪೂರ್ತಿ 50,000 ಕೊಡ್ಬೇಕು ಅಂತಾಯ್ತು, ಇದಕ್ಕೆ ಬಿಪಿಎಲ್ ಎಪಿಎಲ್ ಭೇದ ಇಲ್ಲ, ವಿಪತ್ತು ನಿಧಿಯಿಂದ ಬರೋದು. ಅಂದ್ರೆ ಬಿಪಿಎಲ್‌ನೋರಿಗೆ ಒಟ್ಟು ಒಂದೂವರೆ ಲಕ್ಷ, ಎಪಿಎಲ್‌ನೋರಿಗೆ ಐವತ್ತು ಸಾವಿರ.

ನಮ್ಮಂಗಡಿಗೆ ಬಂದಿದ್ದ ಒಬ್ಬ ಅಮ್ಮನ ಕಥೆ ಹೇಳ್ತೀನಿ, ನಿಮ್ ಚಿಕ್ಕಮ್ಮನ ಥರಾನೇ ಇರ್ಬಹುದು. ಹೂವು ಕಟ್ಟಿ ಮಾರೋರು. ಗಂಡಂಗೆ ಪಾಸಿಟಿವ್ ಬಂತು, ಬೆಡ್ ಸಿಗ್ಲಿಲ್ಲ, ಮನೆಗೆ ಕರ್ಕೊಂಡ್ಬಂದ್ರು, ಆರನೇ ದಿನ ಹೋಗ್ಬಿಟ್ರು. ಮರಣ ಪ್ರಮಾಣ ಪತ್ರ ಮಾಡ್ಸಿದಾರೆ, ಅದನ್ನ ಹಿಡ್ಕೊಂಡು ಒಂದು ಕಚೇರಿಗೆ ಹೋದ್ರೆ, ಇದ್ರಲ್ಲಿ ಕೋವಿಡ್ ಅಂತ ಎಲ್ಲಿದೆಯಮ್ಮ ಅಂತ ವಾಪಸ್ ಕಳ್ಸಿದಾರೆ. ಅಲ್ಲಾ ಸ್ವಾಮಿ, ನಮಗೆ ಕೊಡೋ ಮರಣ ಪ್ರಮಾಣ ಪತ್ರದಲ್ಲಿ ಯಾರಿಗೂ ಕಾರಣ ಬರೆಯಲ್ಲ, ಹೆಸ್ರು, ದಿನಾಂಕ, ಜಾಗ ಅಷ್ಟೇ ಇರೋದು, ಕಾರಣಕ್ಕೆ ವೈದ್ಯರು ಕೊಡೋ ಬೇರೆ ಫಾರಂ ಇದೆ, ಮನೇಲಿ ಸತ್ತವ್ರಿಗೆ ಅದನ್ನ ಯಾರು ಕೊಡ್ತಾರೆ? ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 4ಕ್ಕೆ ಇದನ್ನೇ ಹೇಳಿತ್ತು, ಪ್ರಮಾಣ ಪತ್ರದಲ್ಲಿ ಕೋವಿಡ್ ಅಂತ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸೋ ಹಾಗಿಲ್ಲ ಅಂತ. ಟೆಸ್ಟ್ ಪಾಸಿಟಿವ್ ಬಂದು 30 ದಿನದೊಳಗೆ ಹೋಗಿದ್ರೆ, ಮನೇಲೇ ಹೋಗಿದ್ರೂ, ಅದು ಕೋವಿಡ್ ಸಾವೇ. ನಾನು ಆ ಸುದ್ದಿ ಬಂದಿದ್ದ ಪೇಪರ್ ಕಟಿಂಗ್ ಜೆರಾಕ್ಸ್ ಮಾಡಿ ಅರ್ಜಿ ಮೇಲೇ ಪಿನ್ ಹೊಡೆದು ಕಳ್ಸಿದೆ.

ಆದ್ರೆ ಪಾಸಿಟಿವ್ ಅನ್ನೋದಕ್ಕೆ ಪ್ರೂಫ್ ಬೇಕಲ್ಲ. ರಿಪೋರ್ಟ್ ಕಾಗದ ಇಲ್ಲ. ಗಂಡನ ಮೊಬೈಲ್ ಇದ್ಯಾ ಅಂದೆ, ಸೆರಗಿನ ಗಂಟು ಬಿಚ್ಚಿ ಒಂದು ಬಟನ್ ಫೋನ್ ತೆಗೆದ್ರು, ಚಾರ್ಜ್ ಇರ್ಲಿಲ್ಲ, ಪಿನ್ ಚಾರ್ಜರ್ ಹುಡ್ಕಿ ಹಾಕಿ ಹತ್ತು ನಿಮಿಷ ಕಾದ್ವಿ. ಮೆಸೇಜ್‌ಗಳಲ್ಲಿ ಕೆಳಗೆ ಹೋಗ್ತಾ ಹೋಗ್ತಾ ರೀಚಾರ್ಜ್ ಆಫರ್, ಲಾಟರಿ, ಗ್ಯಾಸ್ ಬುಕಿಂಗ್, ಅದರ ಮಧ್ಯೆ ಟೆಸ್ಟಿಗೆ ಸ್ಯಾಂಪಲ್ ತಗೊಂಡಿದೀವಿ ಅನ್ನೋ ಮೆಸೇಜು, ಅದರೊಳಗೆ ಎಸ್‌ಆರ್‌ಎಫ್ ನಂಬರ್, ಅಂದ್ರೆ ಟೆಸ್ಟ್ ಸ್ಯಾಂಪಲ್‌ನ ಫಾರಂ ನಂಬರ್, ಹದಿಮೂರು ಅಂಕಿ. ಆ ನಂಬರ್ ಹಾಕಿದ್ರೆ ಸರ್ಕಾರದ ಪೋರ್ಟಲಲ್ಲಿ ರಿಪೋರ್ಟ್ ಬಂತು, ಪಿ ನಂಬರ್ ಕೂಡ ಸಿಕ್ತು. ನಮ್ ರಾಜ್ಯದಲ್ಲಿ ಪ್ರತಿ ಪೇಶಂಟ್‌ಗೂ ಒಂದು ಪಿ ನಂಬರ್ ಕೊಡ್ತಿದ್ರು, ಅದಿದ್ರೆ ಅರ್ಧ ಕೆಲ್ಸ ಆದ ಹಾಗೆ. ಮೆಸೇಜ್ ಡಿಲೀಟ್ ಮಾಡಿದ್ರೆ, ಫೋನ್ ಮಾರಿದ್ರೆ, ಅಷ್ಟೇ ಕಥೆ. ಆರು ತಿಂಗಳ ಮೇಲಾಯ್ತು, ಎರಡು ಕಂತಲ್ಲಿ ದುಡ್ಡು ಬಂತು.

ನಿಮ್ ಚಿಕ್ಕಮ್ಮನ ವಿಷ್ಯಕ್ಕೆ ಬರೋಣ. ಸುಳ್ಳು ಭರವಸೆ ಕೊಡಲ್ಲ. 2022ರ ಮಾರ್ಚ್ 24ಕ್ಕೆ ಸುಪ್ರೀಂ ಕೋರ್ಟ್ ಡೆಡ್‌ಲೈನ್ ಹಾಕ್ತು, ಆ ಮಾರ್ಚ್ 20ಕ್ಕೆ ಮುಂಚೆ ಹೋದವ್ರಿಗೆ ಅರ್ಜಿ ಹಾಕೋಕೆ 60 ದಿನ ಅಂತ. ಅಂದ್ರೆ ಮೇ ಕೊನೆ ಹೊತ್ತಿಗೆ ಮಾಮೂಲಿ ಬಾಗ್ಲು ಮುಚ್ಚಿದೆ. ಆದ್ರೆ ಅದೇ ಆದೇಶದಲ್ಲಿ ಒಂದು ಕಿಟಕಿ ಬಿಟ್ಟಿದ್ರು, ತೀರಾ ಕಷ್ಟದ ಕಾರಣಕ್ಕೆ ಟೈಮಿಗೆ ಅರ್ಜಿ ಹಾಕೋಕಾಗ್ದೇ ಇದ್ರೆ ಕುಂದುಕೊರತೆ ಸಮಿತಿಗೆ ಹೋಗಿ ಹೇಳ್ಕೋಬಹುದು, ಅವ್ರು ಒಂದೊಂದು ಕೇಸ್ ನೋಡಿ ತೀರ್ಮಾನ ಮಾಡ್ತಾರೆ ಅಂತ. ಇಷ್ಟು ವರ್ಷ ಆದ್ಮೇಲೆ ಗೆಲ್ತೀರಾ ಅಂದ್ರೆ ನನಗೆ ಅಷ್ಟು ನಂಬಿಕೆ ಇಲ್ಲ, ಆದ್ರೂ ಡಿಸಿ ಕಚೇರಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ, ಕಳ್ಕೊಳ್ಳೋದೇನಿದೆ. 2021ರಲ್ಲೇ ಅರ್ಜಿ ಹಾಕಿದ್ದು ಪೆಂಡಿಂಗ್ ಇದ್ರೆ ಅದು ಬೇರೆ, ಆ ಸ್ವೀಕೃತಿ ನಂಬರ್ ಹುಡುಕಿ, ಅದರ ತೂಕ ಜಾಸ್ತಿ.

ಅದಕ್ಕೇ ಜೋತುಬೀಳ್ಬೇಡಿ, ಕೋವಿಡ್ ಅನ್ನೋ ಹೆಸ್ರೇ ಇಲ್ದೇ ಇರೋ ಸೌಲಭ್ಯ ಕೇಳಿ, ಜನ ಬಿಟ್ಟುಬಿಡೋದು ಇದನ್ನೇ. ವಿಧವಾ ವೇತನ ಹಾಕ್ಸಿದೀರಾ? 2021ರ ಜುಲೈನಲ್ಲಿ ಬೊಮ್ಮಾಯಿಯವ್ರು ಮುಖ್ಯಮಂತ್ರಿಯಾಗಿ ಬಂದ ದಿನಾನೇ 600 ಇದ್ದಿದ್ದನ್ನ 800 ಮಾಡಿದ್ರು, ಕಮ್ಮಿನೇ, ಆದ್ರೆ ತಿಂಗ್ಳಾ ತಿಂಗ್ಳಾ ಬರೋದು. ನಾಡಕಚೇರೀಲಿ ಅರ್ಜಿ. ಮಕ್ಳು 18ರ ಒಳಗಿದಾರಾ? ತಂದೆ ಒಬ್ರೇ ಹೋಗಿ ಮನೆ ಆದಾಯ ಕಮ್ಮಿ ಇದ್ರೂ ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ಯೋಜನೇಲಿ ಪ್ರಾಯೋಜಕತ್ವ ಅಂತ ಒಂದಿದೆ, ಮಗುಗೆ ತಿಂಗಳಿಗೆ 4,000, ಹಳ್ಳಿಯವ್ರಿಗೆ ವರ್ಷದ ಆದಾಯ 72,000, ಸಿಟಿಯವ್ರಿಗೆ 96,000 ದಾಟಿರ್ಬಾರ್ದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳ್ಬೇಕು. ಅಪ್ಪ ಅಮ್ಮ ಇಬ್ರನ್ನೂ ಕೋವಿಡ್‌ನಲ್ಲಿ ಕಳ್ಕೊಂಡ ಮಕ್ಳಿಗೆ ಬಾಲಸೇವಾ ಯೋಜನೇಲಿ ತಿಂಗಳಿಗೆ 3,500 ಅಂತ ಬೇರೆ ಇತ್ತು, ನಿಮಗೆ ಅದು ಬರಲ್ಲ. ಚಿಕ್ಕಮ್ಮ ರಾತ್ರಿ ನಿದ್ದೆ ಮಾಡಲ್ಲ ಅಂತ ನೀವು ಬರೆದಿದೀರಲ್ಲ, 14416ಕ್ಕೆ ಫೋನ್ ಮಾಡ್ಸಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಮಕ್ಳ ಓದಿನ ಬಗ್ಗೆ ಒಂದ್ ಮಾತು, ಚೇತರಿಕೆ ಅಂದ್ರೆ ಬರೀ ದುಡ್ಡು ಅಂತ ಆಗ್ಬಿಟ್ಟಿದೆ ಅದಕ್ಕೆ ಹೇಳ್ತಿದೀನಿ. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಅಂತ ಮೇಷ್ಟ್ರುಗಳೇ ಊರಿಗೆ ಬಂದು ಅರಳಿಕಟ್ಟೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದ್ರು, ಸೋಂಕು ಹಬ್ಬತ್ತೆ ಅಂತ ಅಕ್ಟೋಬರಲ್ಲಿ ನಿಲ್ಸಿದ್ರು. ಆಮೇಲೆ 2022ರಲ್ಲಿ ಕಲಿಕಾ ಚೇತರಿಕೆ ಅಂತ ಶಾಲೇನ ಎರಡು ವಾರ ಮುಂಚೆ, ಮೇ 16ಕ್ಕೇ ತೆರೆದ್ರು. ಆದ್ರೆ ನನ್ನ ಕೇಳಿದ್ರೆ ಆ ಟೈಮಲ್ಲಿ ಬಂದಿದ್ದರಲ್ಲಿ ಈಗ್ಲೂ ಉಳಿದಿರೋದು ಗ್ರಾಮ ಪಂಚಾಯ್ತಿ ಲೈಬ್ರರಿ. ಓದುವ ಬೆಳಕು ಅಂತ 2020ರ ಮಕ್ಕಳ ದಿನಾಚರಣೆಗೆ ಶುರು ಮಾಡಿದ್ರು, 6ರಿಂದ 18 ವರ್ಷದ ಮಕ್ಳಿಗೆ ಫ್ರೀ ಸದಸ್ಯತ್ವ, ಈಗ ಅವನ್ನೇ ಅರಿವು ಕೇಂದ್ರ ಅಂತಾರೆ. ನಿಮ್ ಚಿಕ್ಕಮ್ಮನ ಊರಲ್ಲಿ ಇದ್ಯಾ ನೋಡಿ, ಮಕ್ಳನ್ನ ಸಂಜೆ ಅಲ್ಲಿಗೆ ಕಳ್ಸಿ, ನಮ್ಮ ಕಡೆ ಲೈಬ್ರರಿಯನ್ ಒಬ್ರು ಇಂಥ ಅರ್ಜಿ ತುಂಬೋಕೂ ಹೆಲ್ಪ್ ಮಾಡ್ತಾರೆ, ನನ್ನ ಗಿರಾಕಿಗಳು ಅರ್ಧ ಅಲ್ಲಿಗೇ ಹೋಗ್ಬಿಟ್ರು.

ಆ ಹೂವಿನಮ್ಮ 2023ರಲ್ಲಿ ಗೃಹಲಕ್ಷ್ಮಿ ಹಾಕ್ಸೋಕೆ ಬಂದಿದ್ರು. ಆಧಾರ್‌ಗೆ ಯಾವ ನಂಬರ್ ಲಿಂಕ್ ಆಗಿದೆಯಮ್ಮ ಅಂದ್ರೆ ಅದೇ ಬಟನ್ ಫೋನ್ ಮತ್ತೆ ಆಚೆ ಬಂತು. ಗಂಡನ ಸಿಮ್ಮೇ, ಎರಡು ವರ್ಷದಿಂದ ರೀಚಾರ್ಜ್ ಮಾಡ್ಸಿ ಇಟ್ಕೊಂಡಿದಾರೆ, ಯಾರೂ ಫೋನ್ ಮಾಡಲ್ಲ ಅದಕ್ಕೆ, ಒಟಿಪಿ ಬರತ್ತೆ ಅಷ್ಟೇ. ನೀವೂ ಮೊದ್ಲು ಚಿಕ್ಕಪ್ಪನ ಫೋನ್ ಎಲ್ಲಿದೆ ಅಂತ ಕೇಳಿ, ಸಿಕ್ರೆ ಫಾರ್ಮ್ಯಾಟ್ ಮಾಡೋಕೆ ಬಿಡ್ಬೇಡಿ, 2021ರ ಏಪ್ರಿಲ್ ಮೇ ಮೆಸೇಜ್‌ಗಳಲ್ಲಿ ಹದಿಮೂರು ಅಂಕಿ ನಂಬರ್ ಇದ್ಯಾ ನೋಡಿ ಇಲ್ಲೇ ಕೆಳಗೆ ಹೇಳಿ, ನಂಬರ್ ಹಾಕ್ಬೇಡಿ, ಇದೆ ಇಲ್ಲ ಅಂತ ಹೇಳಿ ಸಾಕು.